ಕುಡಿತ ಬಿಟ್ಟರೆ ನಡುಕ ಯಾಕೆ?

ಪ್ರಶ್ನೆ: ನಮ್ಮದು ಎಚ್.ಡಿ. ಕೋಟೆ ಕಡೆಯ ಹಾಡಿ. ಅಣ್ಣ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಾನೆ. ಬೆಳಿಗ್ಗೆ ಎದ್ದ ಕೂಡಲೇ ವಿಸ್ಕಿ ಪ್ಯಾಕೆಟ್ ಬೇಕು. ಹೋದ ತಿಂಗಳು ಹಟ ಹಿಡಿದು ಬಿಟ್ಟ. ಎರಡೇ ದಿನಕ್ಕೆ ಕೈ ನಡುಗಿ, ಅಲ್ಲಿ ಇಲ್ಲದವರ ಜೊತೆ ಮಾತಾಡತೊಡಗಿದ. ಗಾಳಿ ಸೋಕಿದೆ ಅಂದರು. ಮತ್ತೆ ಕುಡಿದ ಮೇಲೇ ಸುಮ್ಮನಾದ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಗಾಳಿಯಲ್ಲ ತಂಗಿ. ವರ್ಷಗಟ್ಟಲೆ ಕುಡಿದವರು ತಟ್ಟನೆ ಬಿಟ್ಟರೆ ಮಿದುಳು ಹೀಗೆ ಕೆರಳುತ್ತದೆ. ಮೊದಲ ಮೂರ್ನಾಲ್ಕು ದಿನದಲ್ಲಿ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಇನ್ನೊಮ್ಮೆ ಮನೆಯಲ್ಲೇ ಬಿಡಿಸಲು ಹೋಗಬೇಡಿ. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ನಡುಕ ತಗ್ಗಿಸುವ ಔಷಧಿ, ಜೊತೆಗೆ ವಿಟಮಿನ್ ಬಿ1 ಕೊಡುತ್ತಾರೆ. ಊಟದಲ್ಲಿ ಗುಟ್ಟಾಗಿ 'ಕುಡಿತ ಬಿಡಿಸುವ ಪುಡಿ' ಬೆರೆಸುವುದು ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇರಬಹುದು, ಅದರ ಮೇಲೆ ಕುಡಿದರೆ ಬಿಪಿ ಕುಸಿಯಬಹುದು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಆದರೆ ಅಗ್ಗದ ವಿಸ್ಕಿ ಪ್ಯಾಕೆಟ್ ಹಾಡಿಯ ತನಕ ಬರುತ್ತಿದೆ ಅಲ್ವಾ! ಮೇಸ್ತ್ರಿ ಕೂಲಿ ಜೊತೆ ಕುಡಿಯಲೂ ಕೊಡುತ್ತಿದ್ದರೆ, ಅದನ್ನು ಮೊದಲು ನಿಲ್ಲಿಸಿ. ಕೂಲಿ ಬ್ಯಾಂಕ್ ಖಾತೆಗೇ ಬರಲಿ ಎಂದು ಕೇಳಿ.