ಓವನ್ ಇಲ್ಲದೆ ದಾಲ್ಚಿನ್ನಿ ಸಕ್ಕರೆ ಟ್ರಫಲ್ ಮಾಡಲು ಕ್ರೀಮ್ ಚೀಸ್, ಕಂಡೆನ್ಸ್ಡ್ ಮಿಲ್ಕ್, ವೈಟ್ ಚಾಕೊಲೇಟ್ ಇವುಗಳಲ್ಲಿ ಯಾವುದು ಒಳ್ಳೆಯದು?

ಮಗಳ ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲೇ ಉಂಡೆ ಕಟ್ಟಿ, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿ, ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ಇಡುವುದಾಗಿ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಅಂಟಿಗೆ ಏನು ಹಾಕಬೇಕು ಎಂಬುದಾದರೂ, ನಾನು ಮೊದಲು ಉತ್ತರಿಸಬೇಕಾದದ್ದು ಈ ಯೋಜನೆಗೆ, ಏಕೆಂದರೆ ಒಮ್ಮೆ ನಾನೂ ಇದೇ ಕ್ರಮದಲ್ಲಿ ಇದನ್ನೇ ಮಾಡಿದ್ದೆ.

ಆಗ ನಾವು ಮಂಗಳೂರಿನಲ್ಲಿದ್ದೆವು. ಜುಲೈ ತಿಂಗಳು, ಒಗೆದ ಬಟ್ಟೆ ಒಣಗದೆ, ಡಬ್ಬಿಯಲ್ಲಿಟ್ಟ ಉಪ್ಪೂ ನೀರಾಗುವ ಕಾಲ. ಕೆಳಗಿನ ಮನೆಯಲ್ಲಿದ್ದ ಶಿಕ್ಷಕಿಯೊಬ್ಬರು ನಾನು ಮಾಡಿದ ಟ್ರಫಲ್ ತಿಂದು ಮೆಚ್ಚಿ, ಮಗನ ನಿಶ್ಚಿತಾರ್ಥಕ್ಕೆ ಬಂದವರಿಗೆ ಹಂಚಲು ಬೇಕೆಂದು ಮುಂಗಡ ಹಣವನ್ನೂ ಕೊಟ್ಟರು. ಮಾರಿ ಬಿಸ್ಕೆಟ್ ಪುಡಿ, ಕ್ರೀಮ್ ಚೀಸ್, ಒಂದಿಷ್ಟು ಬೆಣ್ಣೆ, ದಾಲ್ಚಿನ್ನಿ ಪುಡಿ ಇಷ್ಟನ್ನು ಕಲಸಿ ಉಂಡೆ ಕಟ್ಟಿ, ಪ್ರತಿಯೊಂದನ್ನೂ ದಾಲ್ಚಿನ್ನಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಿ, ಪುಟ್ಟ ಕಾಗದದ ಬಟ್ಟಲುಗಳಲ್ಲಿ ಜೋಡಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿಟ್ಟು ಹಿಂದಿನ ದಿನವೇ ಫ್ರಿಜ್ಜಿಗೆ ಸೇರಿಸಿದೆ. ಮುಚ್ಚುವಾಗ ಅವು ನೋಡಲು ಬಹಳ ಚೆನ್ನಾಗಿದ್ದವು.

ಬೆಳಿಗ್ಗೆ ಮುಚ್ಚಳ ತೆಗೆದರೆ ಒಂದು ಉಂಡೆಯ ಮೇಲೂ ಸಕ್ಕರೆಯ ಹರಳು ಕಾಣಲಿಲ್ಲ. ಎಲ್ಲವೂ ಆಗತಾನೆ ಪಾಕದಿಂದ ಎತ್ತಿದ ಜಾಮೂನಿನಂತೆ ಹೊಳೆಯುತ್ತಿದ್ದವು. ಕಾಗದದ ಬಟ್ಟಲುಗಳು ನೆನೆದು ಕಂದು ಬಣ್ಣಕ್ಕೆ ತಿರುಗಿ ಡಬ್ಬಿಯ ತಳಕ್ಕೆ ಅಂಟಿಕೊಂಡಿದ್ದವು. ಒಂದನ್ನು ಎತ್ತಿದಾಗ ಬೆರಳಿಗೂ ಉಂಡೆಗೂ ನಡುವೆ ಲೋಳೆಯ ತೆಳ್ಳನೆಯ ಎಳೆಯೊಂದು ನೂಲಿನಷ್ಟು ಉದ್ದಕ್ಕೆ ಎದ್ದಿತು. ನಾನು ಗಾಬರಿಯಲ್ಲಿ ಹೊಸದಾಗಿ ಸಕ್ಕರೆ ಪುಡಿ ಮಾಡಿ ಎಲ್ಲವನ್ನೂ ಮತ್ತೊಮ್ಮೆ ಹೊರಳಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದೂ ಕರಗಿತು. ಶಿಕ್ಷಕಿಯವರು "ಪರವಾಗಿಲ್ಲ ಮಾರಾಯ್ರೆ, ಮಕ್ಕಳು ತಿಂತಾರೆ" ಎಂದು ಡಬ್ಬಿಗಳನ್ನು ಒಳಗೆ ತೆಗೆದುಕೊಂಡು ಹೋದರು. ನಾನು ಹಣ ಹಿಂದಿರುಗಿಸಿದೆ. ಅವರಿಂದ ಮತ್ತೆ ಯಾವ ಬೇಡಿಕೆಯೂ ಬರಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪಾಕವಿಧಾನದ ವಿಡಿಯೋಗಳಲ್ಲಿ ಇದರ ಬಗ್ಗೆ ಒಂದು ಮಾತೂ ಇರುವುದಿಲ್ಲ. ಸಕ್ಕರೆ ತನ್ನ ಸುತ್ತಲಿನ ನೀರನ್ನು ಎಳೆದುಕೊಳ್ಳುವ ವಸ್ತು. ಅದಕ್ಕೆ ನೀರು ಸಿಕ್ಕಿದ್ದು ಮೂರು ಕಡೆಯಿಂದ. ಮೊದಲನೆಯದು ಉಂಡೆಯ ಒಳಗಿನಿಂದ: ಕ್ರೀಮ್ ಚೀಸ್ ನೋಡಲು ಗಟ್ಟಿಯಾಗಿದ್ದರೂ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಮತ್ತು ಹೊರಗೆ ಒಣ ಸಕ್ಕರೆಯ ಪದರವಿದ್ದರೆ ಒಳಗಿನ ನೀರು ನಿಧಾನವಾಗಿ ಹೊರಕ್ಕೆ ಬರುತ್ತದೆ, ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟಾಗ ನಡೆಯುವುದೂ ಇದೇ ಕ್ರಿಯೆ. ಎರಡನೆಯದು ಡಬ್ಬಿಯ ಒಳಗಿನ ಗಾಳಿಯಿಂದ: ಕೈಯ ಬಿಸಿ ಆರದ ಉಂಡೆಗಳನ್ನು ಬಿಗಿಯಾಗಿ ಮುಚ್ಚಿ ತಂಪಿಗೆ ಇಟ್ಟರೆ ಒಳಗೆ ಸಿಕ್ಕಿಕೊಂಡ ಆವಿ ಹನಿಯಾಗಿ ಉಂಡೆಗಳ ಮೇಲೆಯೇ ಕೂರುತ್ತದೆ. ಮೂರನೆಯದು ಡಬ್ಬಿಯನ್ನು ಹೊರತೆಗೆದು ಮುಚ್ಚಳ ಬಿಚ್ಚಿದ ಗಳಿಗೆಯದು. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯ ಉಷ್ಣತೆ 26 ಡಿಗ್ರಿ, ತೇವಾಂಶ ಶೇ. 90 ಇದ್ದರೆ, ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಇಬ್ಬನಿ ಕಟ್ಟುತ್ತದೆ. ಫ್ರಿಜ್ಜಿನಿಂದ ಬಂದ ಉಂಡೆ 4 ಅಥವಾ 5 ಡಿಗ್ರಿಯಲ್ಲಿರುತ್ತದೆ. ಅದು ಬೆವರದೆ ಇನ್ನೇನು ಮಾಡೀತು? ಇಬ್ಬನಿಯ ಮಾತಿರಲಿ, ಗಾಳಿಯ ತೇವಾಂಶ ಸುಮಾರು ಶೇ. 85 ದಾಟಿದರೆ ಸಕ್ಕರೆ ಬರೀ ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ನಾನು ಎರಡನೆಯ ಸಲ ಹಚ್ಚಿದ ಸಕ್ಕರೆ ಹೋದದ್ದು ಹೀಗೆ.

ಲೋಳೆಯ ಕಾರಣ ಬೇರೆ. ದಾಲ್ಚಿನ್ನಿ ತೊಗಟೆಯಲ್ಲಿ, ಅದರಲ್ಲೂ ನಮ್ಮ ದಿನಸಿ ಅಂಗಡಿಗಳಲ್ಲಿ ಚಕ್ಕೆಯೆಂದು ಸಿಗುವ ದಪ್ಪನೆಯ ಕ್ಯಾಸಿಯಾದಲ್ಲಿ, ನೀರು ತಾಗಿದರೆ ಉಬ್ಬಿ ಅಂಟಾಗುವ ಅಂಶವಿದೆ. ಕೊಬ್ಬಿನೊಂದಿಗೆ ಇರುವವರೆಗೆ ಅದು ಸುಮ್ಮನಿರುತ್ತದೆ. ಒದ್ದೆಯಾದರೆ ಬಾಯಿಗೆ ಇಡಲಾಗದಷ್ಟು ಜಾರುತ್ತದೆ. ಹೀಗಾಗಿ ಬರೀ ಸಕ್ಕರೆ ಕರಗಿದರೆ ಆಗುವ ಹಾನಿಗಿಂತ ದಾಲ್ಚಿನ್ನಿ ಸಕ್ಕರೆ ಕರಗಿದಾಗ ಆಗುವ ಹಾನಿ ಹೆಚ್ಚು.

ಅದಕ್ಕೂ ಮೊದಲು ಮಾಡಿದವೆಲ್ಲ ಚೆನ್ನಾಗಿಯೇ ಬಂದಿದ್ದವಲ್ಲ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡೆ. ಅವು ಚೆನ್ನಾಗಿ ಬಂದದ್ದಕ್ಕೆ ನನ್ನ ಕೈಗುಣ ಕಾರಣವಲ್ಲ. ಸಕ್ಕರೆ ಹಚ್ಚಿದ ಗಂಟೆಯೊಳಗೆ ಮನೆಯವರು ಅವನ್ನು ಖಾಲಿ ಮಾಡುತ್ತಿದ್ದರು, ಅಷ್ಟೇ.

ಆದ್ದರಿಂದ ಕ್ರೀಮ್ ಚೀಸೋ ಕಂಡೆನ್ಸ್ಡ್ ಮಿಲ್ಕೋ ಎಂಬುದು ನನ್ನ ದೃಷ್ಟಿಯಲ್ಲಿ ಎರಡನೆಯ ಪ್ರಶ್ನೆ. ಸಕ್ಕರೆಯನ್ನು ಯಾವಾಗ ಹಚ್ಚುತ್ತೀರಿ ಎಂಬುದೇ ಮೊದಲನೆಯದು. ಬೇಕ್ ಮಾಡುವ ಕೆಲಸವಿಲ್ಲವಾದ್ದರಿಂದ ಇದು ಸುಲಭವಿರಬೇಕು ಎಂದೂ ಬರೆದಿದ್ದೀರಿ. ಈ ಮಾತನ್ನೂ ನಾನು ಒಪ್ಪಲಾರೆ. ರವೆ ಉಂಡೆಯಲ್ಲಿ ರವೆ ಹುರಿಯುವುದರಿಂದ, ಕಡಲೆಹಿಟ್ಟಿನ ಉಂಡೆಯಲ್ಲಿ ತುಪ್ಪದೊಡನೆ ಹಿಟ್ಟು ಬಾಡಿಸುವುದರಿಂದ ಬೇಡದ ನೀರನ್ನು ಒಲೆಯೇ ಓಡಿಸಿಬಿಡುತ್ತದೆ. ಅದಕ್ಕಾಗಿಯೇ ಅವು ಡಬ್ಬಿಯಲ್ಲಿ ವಾರಗಟ್ಟಲೆ ಉಳಿಯುತ್ತವೆ. ಒಲೆಯ ಮೇಲೆ ಬಾಡಿಸದ ಸಿಹಿಯಲ್ಲಿ ಹಾಕಿದ ನೀರೆಲ್ಲ ಅಲ್ಲೇ ಉಳಿಯುವುದರಿಂದ, ಎಷ್ಟು ನೀರು ಒಳಗೆ ಹೋಗುತ್ತಿದೆ ಎಂಬ ಲೆಕ್ಕ ಮಾಡುವವರ ತಲೆಯಲ್ಲಿರಬೇಕಾಗುತ್ತದೆ.

ಇನ್ನು ನೀವು ಕೇಳಿದ ಮೂರರ ವಿಷಯ. ಈ ಟ್ರಫಲ್ ಅಮೆರಿಕದ ಸ್ನಿಕರ್‌ಡೂಡಲ್ ಎಂಬ ಬಿಸ್ಕೆಟ್ಟಿನ ರುಚಿಯನ್ನು ಅನುಸರಿಸಿದ್ದು. ಆ ಬಿಸ್ಕೆಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿ ಪುಡಿಯಿಂದ ಸಣ್ಣ ಹುಳಿ ಬರುತ್ತದೆ, ಒಲೆಯಿಲ್ಲದ ಈ ಆವೃತ್ತಿಯಲ್ಲಿ ಆ ಹುಳಿಯನ್ನು ಕ್ರೀಮ್ ಚೀಸ್ ಕೊಡುತ್ತದೆ. ರುಚಿಯಲ್ಲಿ ಅದೇ ಮುಂದು. ಆದರೆ ನಮ್ಮ ಹವೆಗೆ, ಹುಟ್ಟುಹಬ್ಬದ ದಿನ ಗಂಟೆಗಟ್ಟಲೆ ಮೇಜಿನ ಮೇಲೆ ಇರಬೇಕಾದ ತಟ್ಟೆಗೆ ನಾನು ಅದನ್ನು ಬಳಸುವುದಿಲ್ಲ. ಕಂಡೆನ್ಸ್ಡ್ ಮಿಲ್ಕಿನಲ್ಲಿ ನೀರು ಕಾಲುಭಾಗದಷ್ಟಿದ್ದರೂ ಅದರಲ್ಲಿರುವ ಸಕ್ಕರೆ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಉಂಡೆ ಸೋರುವುದಿಲ್ಲ. ಆದರೆ ಸಿಹಿ ವಿಪರೀತವಾಗಿ, ಮೇಲೆ ಮತ್ತೆ ಸಕ್ಕರೆ ಹಚ್ಚುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ನನ್ನ ಮತ ವೈಟ್ ಚಾಕೊಲೇಟಿಗೆ. ಅದರಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ, ಉಂಡೆಯ ಮೇಲ್ಮೈ ಜಿಡ್ಡಿನದಾಗಿರುತ್ತದೆ, ಜಿಡ್ಡಿಗೆ ಅಂಟಿದ ಸಕ್ಕರೆ ಸುಲಭವಾಗಿ ಕರಗುವುದಿಲ್ಲ.

ಪೊಟ್ಟಣದ ಹಿಂದೆ ಕೋಕೋ ಬಟರ್ ಎಂದಿದೆಯೇ ನೋಡಿ ತೆಗೆದುಕೊಳ್ಳಿ. ಕಾಂಪೌಂಡ್ ಎಂದು ಮಾರುವುದರಲ್ಲಿ ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಅದು ನಾಲಿಗೆಯ ಮೇಲೆ ಮೇಣದ ಪದರ ಬಿಡುತ್ತದೆ. ಆದರೂ ನೀವಿರುವುದು ಕಲಬುರಗಿ, ರಾಯಚೂರಿನ ಕಡೆಯಾಗಿ ಹುಟ್ಟುಹಬ್ಬ ಏಪ್ರಿಲ್‌ನಲ್ಲಿದ್ದರೆ ಕಾಂಪೌಂಡ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ಕೋಕೋ ಬಟರ್ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ, ಅಲ್ಲಿ ಫ್ಯಾನಿನ ಗಾಳಿಯೇ ಅದಕ್ಕಿಂತ ಬಿಸಿಯಿರುತ್ತದೆ.

200 ಗ್ರಾಂ ವೈಟ್ ಚಾಕೊಲೇಟ್ ಸಣ್ಣಗೆ ಹೆಚ್ಚಿಕೊಳ್ಳಿ. ಶೇ. 25 ಕೊಬ್ಬಿನ ಫ್ರೆಶ್ ಕ್ರೀಮ್ 70 ಮಿ.ಲೀ. ಅಳೆದು, ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಬಿಸಿ ಮಾಡಿ ಚಾಕೊಲೇಟಿನ ಮೇಲೆ ಸುರಿದು ಐದು ನಿಮಿಷ ಮುಚ್ಚಿಡಿ. ಇಷ್ಟು ಕಡಿಮೆ ಕ್ರೀಮಿನ ಬಿಸಿಗೆ ಪೂರ್ತಿ ಕರಗದೆ ಗಂಟುಗಳು ಉಳಿದರೆ, ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲನ್ನಿಟ್ಟು, ಒಲೆ ಆರಿಸಿ, ನಡುವಿನಿಂದ ಹೊರಕ್ಕೆ ನಿಧಾನವಾಗಿ ತಿರುವುತ್ತಾ ಹೋಗಿ. ಉರಿ ಹಚ್ಚಿಕೊಂಡೇ ತಿರುವಿದರೆ ವೈಟ್ ಚಾಕೊಲೇಟ್ ಬಹುಬೇಗ ಒಡೆದು ತುಪ್ಪ ಬಿಡುತ್ತದೆ. ಇದಕ್ಕೆ 20 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ 100 ಗ್ರಾಂ ಮಾರಿ ಬಿಸ್ಕೆಟ್ ಪುಡಿ, ಅರ್ಧ ಟೀ ಚಮಚ ದಾಲ್ಚಿನ್ನಿ ಪುಡಿ, ಒಂದು ಚಿಟಿಕೆ ಉಪ್ಪು ಸೇರಿಸಿ ಕಲಸಿ, ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ಉಪ್ಪನ್ನು ಬಿಡಬೇಡಿ, ಅದಿಲ್ಲದಿದ್ದರೆ ವೈಟ್ ಚಾಕೊಲೇಟಿನದು ಬರಿಯ ಸಪ್ಪೆ ಸಿಹಿ. ಈ ಅಳತೆಗೆ ದೊಡ್ಡ ನೆಲ್ಲಿಕಾಯಿ ಗಾತ್ರದವು ಸುಮಾರು 25 ಆಗುತ್ತವೆ.

ಉಂಡೆಗಳನ್ನು ಸಕ್ಕರೆ ಹಚ್ಚದೆ ಎರಡು ದಿನ ಮೊದಲೇ ಮಾಡಿ ಫ್ರಿಜ್ಜಿನಲ್ಲಿಡಲು ಯಾವ ಅಡ್ಡಿಯೂ ಇಲ್ಲ. ಹುಟ್ಟುಹಬ್ಬದ ದಿನ, ಅತಿಥಿಗಳು ಬರುವ ಎರಡು ಗಂಟೆ ಮೊದಲು ಡಬ್ಬಿಯನ್ನು ಹೊರತೆಗೆಯಿರಿ; ಆದರೆ ಮುಚ್ಚಳ ತೆಗೆಯಬೇಡಿ. ಡಬ್ಬಿಯ ಹೊರಮೈ ಬೆವರುತ್ತದೆ, ಬೆವರಲಿ, ಅದನ್ನು ಬಟ್ಟೆಯಿಂದ ಒರೆಸಿ. ಹೊರಮೈ ಬೆವರುವುದು ನಿಂತು, ಮುಟ್ಟಿದರೆ ತಂಪು ತಿಳಿಯದಂತಾದ ಮೇಲೆ ಮುಚ್ಚಳ ತೆಗೆದು, ಒಂದೊಂದೇ ಉಂಡೆಯನ್ನು ಒಣಗಿದ ಅಂಗೈಗಳ ನಡುವೆ ಒಮ್ಮೆ ಉರುಳಿಸಿದರೆ ಮೇಲಿನ ಜಿಡ್ಡು ಮಿನುಗುತ್ತದೆ. ಆಗ ಸಕ್ಕರೆಯಲ್ಲಿ ಹೊರಳಿಸಿ. ನಾಲ್ಕು ಪಾಲು ಸಕ್ಕರೆಗೆ ಒಂದು ಪಾಲು ದಾಲ್ಚಿನ್ನಿ ನನ್ನ ಅಳತೆ. ಸಕ್ಕರೆಯನ್ನು ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ, ಚಿರೋಟಿ ರವೆಯಷ್ಟು ತರಿಯಾಗಿ ಉಳಿಸಿಕೊಳ್ಳಿ; ಹಿಟ್ಟಿನಂತಾದ ಸಕ್ಕರೆ ಎಲ್ಲಕ್ಕಿಂತ ಮೊದಲು ಕರಗುತ್ತದೆ, ಹಲ್ಲಿಗೆ ಸಿಗುವ ಕರಕರವೂ ಅದರಲ್ಲಿ ಇರುವುದಿಲ್ಲ. ಕ್ರೀಮ್ ಚೀಸೇ ಬೇಕೆಂದು ಹಟವಿದ್ದರೆ ಕ್ರಮ ಇದೇ, ಆದರೆ ಅದನ್ನು ಹೊರಗೆ ಹೆಚ್ಚು ಹೊತ್ತು ಬಿಡುವಂತಿಲ್ಲ, ಬಡಿಸುವ ಸ್ವಲ್ಪ ಮೊದಲಷ್ಟೇ ತೆಗೆದು ಹೊರಳಿಸಬೇಕು.

ಚಿಕ್ಕ ಮಕ್ಕಳ ಕೂಟವಾದ್ದರಿಂದ ದಾಲ್ಚಿನ್ನಿಯ ಬಗ್ಗೆ ಇನ್ನೊಂದು ಮಾತು. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶವಿದ್ದು, ಹೆಚ್ಚು ಪ್ರಮಾಣದಲ್ಲಿ ದಿನವೂ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ; ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಎಂಬ ಮಿತಿಯನ್ನು ಹೇಳಿದೆ. ಒಂದು ದಿನದ ಹುಟ್ಟುಹಬ್ಬದಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೂ ನಾನು ತರುವುದು ಸಿಲೋನ್ ದಾಲ್ಚಿನ್ನಿಯನ್ನೇ, ಏಕೆಂದರೆ ಅದರಲ್ಲಿ ಕೂಮರಿನ್ ಅತ್ಯಲ್ಪ, ಜೊತೆಗೆ ಈ ಸಿಹಿಗೆ ಬೇಕಾದ ಮೃದುವಾದ ಕಂಪೂ ಅದರದ್ದೇ. ಗುರುತಿಸುವುದು ಕಷ್ಟವಲ್ಲ: ಕ್ಯಾಸಿಯಾ ದಪ್ಪನೆಯ ಒಂದೇ ತೊಗಟೆ, ಮುರಿಯಲು ಬಲ ಬೇಕು, ಸಿಲೋನ್ ದಾಲ್ಚಿನ್ನಿಯಲ್ಲಿ ಕಾಗದದಷ್ಟು ತೆಳ್ಳನೆಯ ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ.

ಕೊನೆಗೆ, ಮೊಟ್ಟೆ ಹಾಕುವುದಿಲ್ಲವಲ್ಲ, ಬಿಸ್ಕೆಟ್ ಬದಲು ಹಸಿ ಮೈದಾ ಕಲಸಬಹುದೇ ಎಂದೂ ಕೇಳಿದ್ದೀರಿ. ಬೇಡ. ಹಸಿ ಹಿಟ್ಟು ಬೇಯಿಸಿ ತಿನ್ನಲೆಂದು ಮಾಡಿದ ಪದಾರ್ಥ. ಅದರಲ್ಲಿ ಇ ಕೋಲೈ, ಸಾಲ್ಮೊನೆಲ್ಲಾದಂಥ ರೋಗಾಣುಗಳು ಇರಬಹುದು, ಮತ್ತು 2016ರಲ್ಲಿ ಅಮೆರಿಕದಲ್ಲಿ ಹಲವರು ಕಾಯಿಲೆ ಬಿದ್ದದ್ದು ಹಿಟ್ಟಿನಿಂದಲೇ. ಬಿಸ್ಕೆಟ್ ಕಾರ್ಖಾನೆಯಲ್ಲಿಯೇ ಬೆಂದು ಬಂದಿರುತ್ತದೆ. ಮಾರಿ ಬೇಡವೆನಿಸಿದರೆ ನಿಮ್ಮೂರಿನ ಬೇಕರಿಯ ಬೆಣ್ಣೆ ಬಿಸ್ಕೆಟ್ ಪುಡಿ ಮಾಡಿ ಹಾಕಿ. ಅದರಲ್ಲಿ ಜಿಡ್ಡು ಮೊದಲೇ ಇರುವುದರಿಂದ ಮೇಲೆ ಹೇಳಿದ 20 ಗ್ರಾಂ ಬೆಣ್ಣೆಯನ್ನು ಬಿಟ್ಟುಬಿಡಬಹುದು.