ಓದುಗರ ಪ್ರಶ್ನೆ: ಹದಿನಾರನೇ ಲೂಯಿ ಶೈಲಿಯ ನಿಲುಗಡಿಯಾರ

ಪ್ರಶ್ನೆ: ಮಾನ್ಯರೇ, ನಮ್ಮ ಮುತ್ತಜ್ಜನವರು ನಿಜಾಮರ ಆಳ್ವಿಕೆಯ ಕಾಲದಲ್ಲಿ ಹೈದರಾಬಾದಿನಿಂದ ತಂದ ಆಳೆತ್ತರದ ಫ್ರೆಂಚ್ ಗಡಿಯಾರವೊಂದು ನಮ್ಮ ಪಡಸಾಲೆಯಲ್ಲಿದೆ. ಪೆಟ್ಟಿಗೆಯ ಇಕ್ಕೆಲಗಳಲ್ಲಿ ಉದ್ದುದ್ದ ಗೀರುಗಳುಳ್ಳ ಕಂಬಗಳು, ಗಿಲೀಟಿನ ಎಲೆಮಾಲೆ, ರಿಬ್ಬನ್ನಿನ ಗಂಟು, ತುದಿಯಲ್ಲಿ ಕಲಶ ಇವೆ. ಹನ್ನೆರಡರ ಅಂಕಿಯ ಬಳಿ ಸಣ್ಣ ಕೀಲಿ ಹಾಕುವ ರಂಧ್ರವಿದ್ದು, ಯಂತ್ರದ ಹಿಂಬದಿಯ ದುಂಡು ಪದಕಮುದ್ರೆಯಲ್ಲಿ 1855 ಎಂದಿದೆ. ಲೋಲಕಕ್ಕೆ ಉಕ್ಕು, ಹಿತ್ತಾಳೆಯ ಐದು ಕಡ್ಡಿಗಳಿವೆ. ಇದು ಹದಿನಾರನೇ ಲೂಯಿಯ ಕಾಲದ್ದೆಂದು ಒಬ್ಬರು, ನಕಲೆಂದು ಇನ್ನೊಬ್ಬರು ಹೇಳುತ್ತಾರೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಂದೆ ಬೀಳುತ್ತದೆ. ಗಿಲೀಟಿಗೆ ಹೊಸ ಹೊಳಪು ಕೊಡಿಸಬಹುದೇ?
— ಓದುಗರು, ಶಹಾಬಜಾರ್, ಕಲಬುರಗಿ

ಉತ್ತರ: ಇಬ್ಬರ ಮಾತೂ ಸರಿಯಲ್ಲ. ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ಆಳಿದ್ದು 1774ರಿಂದ 1792ರವರೆಗೆ. ಗ್ರೀಕ್ ಮತ್ತು ರೋಮನ್ ಕಟ್ಟಡಗಳಿಂದ ಪ್ರೇರಣೆ ಪಡೆದ ಕಂಬ, ಮಾಲೆ, ಕಲಶಗಳ ಅಲಂಕಾರ ಆ ಕಾಲದ ಗುರುತು. ಮುಂದೆ ಮೂರನೇ ನೆಪೋಲಿಯನ್ ಆಳಿದ 1852–1870ರ ಅವಧಿಯಲ್ಲಿ, ಲೂಯಿಯ ರಾಣಿ ಮರೀ ಆಂಟ್ವಾನೆಟ್‌ಳ ನೆನಪನ್ನು ಬಹುವಾಗಿ ಆದರಿಸುತ್ತಿದ್ದ ಅವನ ಪತ್ನಿ ಸಾಮ್ರಾಜ್ಞಿ ಯೂಜೆನಿಯ ಅಭಿರುಚಿಯೂ ಸೇರಿ ಆ ಶೈಲಿ ಮತ್ತೆ ಬಳಕೆಗೆ ಬಂದಿತು, ಶತಮಾನದ ಕೊನೆಯವರೆಗೂ ಉಳಿಯಿತು. ಆಗಿನ ಕುಶಲಕರ್ಮಿಗಳು ಹಳೆಯ ಮಾದರಿಯನ್ನು ಮೆಚ್ಚಿ, ತಮ್ಮ ಕಾಲದ ಯಂತ್ರವನ್ನು ಒಳಗಿಟ್ಟು ಮಾಡಿದ ಕೆಲಸವನ್ನು ನಕಲೆನ್ನುವುದು ಅವರಿಗೆ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ.

ವಯಸ್ಸನ್ನು ಪೆಟ್ಟಿಗೆಗಿಂತ ಯಂತ್ರವೇ ನಂಬಿಕೆಯಿಂದ ಹೇಳುತ್ತದೆ. ಮುಖದ ಮುಂದಿನಿಂದಲೇ ಲೋಲಕದ ಉದ್ದವನ್ನು ಸರಿಪಡಿಸುವ ಆ ಸಣ್ಣ ರಂಧ್ರವು ಪ್ಯಾರಿಸ್ಸಿನ ಗಡಿಯಾರ ತಯಾರಕ ಆಷಿಲ್ ಬ್ರೋಕೋ 1840ರ ಸುಮಾರಿಗೆ ರೂಪಿಸಿದ, ಲೋಲಕವನ್ನು ತೂಗುಹಾಕುವ ವ್ಯವಸ್ಥೆಯ ಲಕ್ಷಣ. 1855 ಎಂಬುದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ತಯಾರಕರಿಗೆ ಪದಕ ಸಿಕ್ಕ ವರ್ಷವಾಗಿರಬೇಕು. ಅಂದರೆ ನಿಮ್ಮ ಗಡಿಯಾರ ಅದಕ್ಕಿಂತ ಹಳೆಯದಲ್ಲ, ಹಲವು ವರ್ಷ ಹೊಸದಿರಬಹುದು. ಯಂತ್ರ ಕೂರುವ ಹಲಗೆಯಲ್ಲಿ ಬಳಕೆಯಾಗದ ಹಳೆಯ ತೂತುಗಳಿವೆಯೇ ಎಂದು ನೋಡಿ. ಇದ್ದರೆ ಪೆಟ್ಟಿಗೆಯೂ ಯಂತ್ರವೂ ಮೊದಲಿನಿಂದ ಜೊತೆಯವೇ ಎಂಬುದು ಸಂಶಯ.

ಬೇಸಿಗೆಯ ತೊಂದರೆಗೆ ಕಾರಣ ಕಲಬುರಗಿಯ ಬಿಸಿಲು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಉಕ್ಕಿನ ಕಡ್ಡಿಯ ಲೋಲಕವು ಹಿಗ್ಗಿ ದಿನಕ್ಕೆ ಸುಮಾರು ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಮನೆಯೊಳಗಿನ ಸರಾಸರಿ ಡಿಸೆಂಬರಿಗಿಂತ ಮೇ ತಿಂಗಳಲ್ಲಿ ಹತ್ತು ಡಿಗ್ರಿ ಹೆಚ್ಚಿದ್ದರೆ ದಿನಕ್ಕೆ 5 ಸೆಕೆಂಡು, ಹದಿನೈದು ದಿನಕ್ಕೆ ಒಂದೂಕಾಲು ನಿಮಿಷವಾಯಿತು; ನಿಮ್ಮ ಲೆಕ್ಕವೂ ಇಷ್ಟೇ ಇದೆ. ಉಕ್ಕು ಕೆಳಕ್ಕೆ ಹಿಗ್ಗಿದಷ್ಟನ್ನು, ಅದಕ್ಕಿಂತ ಹೆಚ್ಚು ಹಿಗ್ಗುವ ಹಿತ್ತಾಳೆಯು ಮೇಲಕ್ಕೆ ಎತ್ತಿ ಸರಿದೂಗಿಸಲೆಂದು ಇಂಗ್ಲೆಂಡಿನ ಜಾನ್ ಹ್ಯಾರಿಸನ್ 1726ರ ಸುಮಾರಿಗೆ ಹಲವು ಕಡ್ಡಿಗಳ ಲೋಲಕವನ್ನು ರೂಪಿಸಿದ. ನಂತರದ ಅನೇಕ ಗಡಿಯಾರಗಳಲ್ಲಿ ಆ ಕಡ್ಡಿಗಳು ಕೇವಲ ಅಂದಕ್ಕಿರುತ್ತವೆ. ನಿಮ್ಮದೂ ಹಾಗೆಯೇ ಇರುವ ಸಾಧ್ಯತೆ ಹೆಚ್ಚು. ಏಪ್ರಿಲಿನಲ್ಲಿ ಆ ರಂಧ್ರದಲ್ಲಿ ಕೀಲಿ ಹಾಕಿ ಸ್ವಲ್ಪವೇ ತಿರುಗಿಸಿ, ವಾರ ಕಾದು ನೋಡಿ. ರಂಧ್ರದ ಅಕ್ಕಪಕ್ಕದಲ್ಲಿ ಅಕ್ಷರಗಳಿದ್ದರೆ ‘ಎ’ ವೇಗ ಹೆಚ್ಚಿಸುವ ದಿಕ್ಕು, ‘ಆರ್’ ತಗ್ಗಿಸುವ ದಿಕ್ಕು.

ಅದಕ್ಕೂ ಮೊದಲು ನೆಲವನ್ನು ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಎರಡು ಚಪ್ಪಡಿಗಳ ಸಂದಿನ ಮೇಲೆ ಪೆಟ್ಟಿಗೆ ನಿಂತಿದ್ದರೆ ಅದು ಅಲುಗಾಡಿ, ಟಿಕ್ ಮತ್ತು ಟಾಕ್‌ಗಳ ನಡುವಿನ ಅಂತರ ಏರುಪೇರಾಗುತ್ತದೆ.

ಹೊಳಪು ಕೊಡಿಸುವ ವಿಚಾರವನ್ನು ದಯವಿಟ್ಟು ಕೈಬಿಡಿ. ಹಿತ್ತಾಳೆ ಉಜ್ಜುವ ದ್ರಾವಣವು ತೆಳುವಾದ ಚಿನ್ನದ ಪದರವನ್ನೇ ತೆಗೆದುಬಿಡುತ್ತದೆ. ಮೆತ್ತನೆಯ ಒಣ ಕುಂಚದಿಂದ ಧೂಳು ಜಾಡಿಸಿದರೆ ಸಾಕು. ಯಂತ್ರಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ, ಅದು ಧೂಳಿನೊಡನೆ ಸೇರಿ ಅಂಟಾಗುತ್ತದೆ. ಬೇಸಿಗೆಯಲ್ಲಿ ಕೂಲರಿನ ತೇವದ ಗಾಳಿ ನೇರವಾಗಿ ಪೆಟ್ಟಿಗೆಗೆ ಬಡಿಯದಂತೆಯೂ ನೋಡಿಕೊಳ್ಳಿ, ಏಕೆಂದರೆ ಹಗಲು ಒಣಗಿ ರಾತ್ರಿ ನೆನೆಯುವ ಮರದ ಮೇಲಿನ ತೆಳು ಹಲಗೆಪದರ ಅಂಚಿನಿಂದ ಏಳತೊಡಗುತ್ತದೆ.