ಜರ್ಮನಿಗೆ ಹೊರಟಿರುವ ತಂಗಿಗೆ

ತಂಗಿ, ದಾವಣಗೆರೆಯಲ್ಲಿ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿರುವ ನೀನು ಮೂರು ಪ್ರಶ್ನೆ ಕೇಳಿದ್ದೀಯ: ಜರ್ಮನಿಯಲ್ಲಿ ಎಂ.ಎಸ್. ಮಾಡಲು ಎಷ್ಟು ಹಣ ಬೇಕು, ಪಾರ್ಟ್‌ಟೈಮ್ ದುಡಿಮೆಯಿಂದ ಸಾಲ ತೀರುತ್ತದೆಯೇ, ನಿಮ್ಮ ಅವ್ವ ಅಪ್ಪಾಜಿಗೆ ಏನಾದರೂ ಆದರೆ ತಕ್ಷಣ ಊರಿಗೆ ಬರಲು ಆಗುತ್ತದೆಯೇ. ಮೊದಲ ಎರಡಕ್ಕೆ ಉತ್ತರ ಕೊಡುವವರು ನಿನಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಮೂರನೆಯದನ್ನು ಹೊರಡುವ ಮೊದಲೇ ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಅದಕ್ಕೇ ಹೆಚ್ಚು ಬರೆಯುತ್ತೇನೆ.

ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರದೇಶದವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುಲ್ಕ ವಿಧಿಸತೊಡಗಿದೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತವನ್ನು 11,904 ಯೂರೋಗೆ ಏರಿಸಿದರು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಈ ಹಣ ತಿಂಗಳಿಗೆ 992 ಯೂರೋದಂತೆ ಮಾತ್ರ ಕೈಗೆ ಬರುತ್ತದೆ, ಅದೂ ನೀನು ಇಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ. ಮನೆಯ ಮಾಲೀಕರು ಮೂರು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳಲು ಕಾನೂನೇ ಅವಕಾಶ ಕೊಟ್ಟಿರುವುದರಿಂದ, ಆ ಮುಂಗಡ ಮತ್ತು ಮೊದಲ ತಿಂಗಳ ಖರ್ಚನ್ನು ಬೇರೆಯಾಗಿಯೇ ತರಬೇಕು. ಕೋಣೆಯನ್ನು ಕಣ್ಣಾರೆ ನೋಡುವ ಮೊದಲು ಯಾರಿಗೂ ಮುಂಗಡ ಕಳಿಸಬೇಡ.

ಪಾರ್ಟ್‌ಟೈಮ್ ದುಡಿಮೆಯಿಂದ ಸಾಲ ತೀರುವುದಿಲ್ಲ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿಯಿದೆ. ಆ ಸಂಪಾದನೆ ಬಾಡಿಗೆ ಮತ್ತು ಊಟಕ್ಕೆ ಆಸರೆಯಾಗುತ್ತದೆ, ಅಷ್ಟೇ. ಸಾಲ ತೀರುವುದು ಓದು ಮುಗಿದು ಒಳ್ಳೆಯ ಕೆಲಸ ಸಿಕ್ಕ ಮೇಲೆ, ಕೆಲಸ ಹುಡುಕಲು ಹದಿನೆಂಟು ತಿಂಗಳ ಕಾಲಾವಕಾಶವಿದೆ. ನಿಮ್ಮ ಅಪ್ಪಾಜಿಗೆ ಇದನ್ನು ಈಗಲೇ ಬಿಡಿಸಿ ಹೇಳು, ಮುಂದಿನ ವರ್ಷದಿಂದಲೇ ಮಗಳು ಕಂತು ಕಟ್ಟುತ್ತಾಳೆಂಬ ಭರವಸೆಯಲ್ಲಿ ಅವರು ಸಹಿ ಹಾಕಬಾರದು.

ಓದಿನ ಬಗ್ಗೆ ನನಗೆ ಚಿಂತೆಯಿಲ್ಲ. ನಮ್ಮ ದಾವಣಗೆರೆಯ ಬಾಪೂಜಿ, ಯುಬಿಡಿಟಿ ಕಾಲೇಜುಗಳಲ್ಲಿ ಓದಿ ಬಂದವರು ಇಲ್ಲಿನ ಗಣಿತಕ್ಕೆ ಹೆದರಿದ್ದನ್ನು ನಾನು ನೋಡಿಲ್ಲ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಪರೀಕ್ಷೆಯ ಕ್ರಮ ಮಾತ್ರ ಕಠಿಣವಾದದ್ದು: ಹೆಚ್ಚಿನ ಕಡೆ ಒಂದು ವಿಷಯವನ್ನು ಮೂರು ಸಲವಷ್ಟೇ ಬರೆಯಬಹುದು, ಕಡ್ಡಾಯ ವಿಷಯದಲ್ಲಿ ಮೂರನೆಯ ಸಲವೂ ಫೇಲಾದರೆ ಆ ಕೋರ್ಸೇ ಕೈತಪ್ಪುತ್ತದೆ. ಬ್ಯಾಕ್‌ಲಾಗ್ ಆಮೇಲೆ ತೆಗೆದರಾಯಿತು ಎಂಬ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. 2022ರ ನವೆಂಬರ್‌ನಿಂದ ಕಡ್ಡಾಯವಾಗಿರುವ, ನಿನ್ನ ಓದಿನ ದಾಖಲೆಗಳು ಅಸಲಿಯೆಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ಬೇಗ ಅರ್ಜಿ ಹಾಕು.

ಸಾಮಾನಿನ ವಿಷಯದಲ್ಲಿ ಹೇಳುವುದು ಕಡಿಮೆ. ನಾನು ಬಂದಿಳಿದದ್ದು ಅಕ್ಟೋಬರ್‌ನ ಒಂದು ಭಾನುವಾರ. ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆಂಬುದನ್ನು ಯಾರೂ ಹೇಳಿರಲಿಲ್ಲವಾದ್ದರಿಂದ, ನನ್ನ ಅವ್ವ ಪಂಚೆಯಲ್ಲಿ ಸುತ್ತಿಕೊಟ್ಟಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯೇ ಅಂದು ಮೂರು ಹೊತ್ತಿನ ಊಟವಾಯಿತು. ವಾರದ ದಿನವೇ ಬಂದಿಳಿ. ತುಪ್ಪ ತರಬೇಡ, ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ.

ಇನ್ನು ನಿನ್ನ ಮೂರನೆಯ ಪ್ರಶ್ನೆ. ಎರಡನೆಯ ವರ್ಷದಲ್ಲಿ ನನ್ನ ರೆಸಿಡೆನ್ಸ್ ಪರ್ಮಿಟ್, ಅಂದರೆ ಇಲ್ಲಿ ವಾಸಿಸಲು ಕೊಡುವ ಅನುಮತಿಯ ಕಾರ್ಡು, ಮುಗಿಯುವುದಿತ್ತು. ಅವಧಿಗೆ ಮೊದಲೇ ನವೀಕರಣಕ್ಕೆ ಅರ್ಜಿ ಕೊಟ್ಟಿದ್ದೆ. ನಾನಿದ್ದ ಊರಿನ ವಿದೇಶಿಯರ ಕಚೇರಿಯವರು ಅರ್ಜಿ ತಲುಪಿದೆಯೆಂದು ಒಂದು ಸಾಲಿನ ಇಮೇಲ್ ಕಳಿಸಿ, ಭೇಟಿಗೆ ತಿಂಗಳುಗಳಾಚೆಯ ದಿನಾಂಕ ಕೊಟ್ಟರು. ಹಳೆಯ ಕಾರ್ಡಿನ ಅವಧಿ ಮುಗಿದ ಮೇಲೆ ನನ್ನ ಅಪ್ಪಾಜಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಹೋಗುವುದಕ್ಕೆ ಅಡ್ಡಿಯಿರಲಿಲ್ಲ, ಮರಳಿ ಬರಲು ಕೈಯಲ್ಲಿ ಕಾಗದವಿರಲಿಲ್ಲ. ಹೋದರೆ ಹೊಸ ವೀಸಾಕ್ಕೆ ಕಾಯುತ್ತ ಸಾಲವನ್ನು ತಲೆಯ ಮೇಲೆ ಹೊತ್ತು ಊರಲ್ಲೇ ಉಳಿಯಬೇಕಾಗುತ್ತಿತ್ತು. "ನನಗೇನಾಗಿಲ್ಲ, ಓದು ಮುಗಿಸಿಕೊಂಡೇ ಬಾರವ್ವ" ಎಂದು ಅಪ್ಪಾಜಿ ಫೋನಿನಲ್ಲಿ ಹೇಳಿದರು. ಮರುದಿನ ತೀರಿಕೊಂಡರು. ನಮ್ಮ ಕಡೆ ಮಣ್ಣಿಗೆ ಎಷ್ಟು ಹೊತ್ತು ಕಾಯುತ್ತಾರೆಂಬುದನ್ನು ನಿನಗೆ ಹೇಳಬೇಕಾಗಿಲ್ಲ. ನನ್ನ ತಮ್ಮ ಫೋನ್ ಹಿಡಿದು ತೋರಿಸಿದ. ವಿಭೂತಿ ಹಚ್ಚಿ ಕೂರಿಸಿದ್ದ ಅಪ್ಪಾಜಿಯ ಕೊರಳಿನ ಚೆಂಡುಹೂವಿನ ಹಾರ ಸ್ಪಷ್ಟವಾಗಿ ಕಂಡಿತು, ಮುಖದ ಮೇಲೆ ಮಾತ್ರ ಬಿಸಿಲು ಬಿದ್ದು ಏನೂ ಕಾಣಲಿಲ್ಲ. ಶಿವಗಣಾರಾಧನೆಗೂ ಹೋಗಲಾಗಲಿಲ್ಲ. ಆ ಸಂಕಟ ಇಂದಿಗೂ ಇಳಿದಿಲ್ಲ.

ಆಮೇಲೆ ತಿಳಿದದ್ದೇನೆಂದರೆ, ಇಂಥ ಮಧ್ಯಕಾಲಕ್ಕೆಂದೇ ಫಿಕ್ಟಿಯೋನ್ಸ್‌ಬೆಶೈನಿಗುಂಗ್ ಎಂಬ ಪತ್ರವಿದೆ. ಪರ್ಮಿಟ್‌ನ ಅವಧಿ ಮುಗಿಯುವ ಮೊದಲೇ ಅರ್ಜಿ ಕೊಟ್ಟವರ ಹಳೆಯ ಹಕ್ಕುಗಳು ನಿರ್ಧಾರವಾಗುವವರೆಗೆ ಮುಂದುವರಿಯುತ್ತವೆ ಎಂಬುದನ್ನು ಅದು ದೃಢಪಡಿಸುತ್ತದೆ. ಪತ್ರದಲ್ಲಿ ಮೂರು ಚೌಕಗಳಿರುತ್ತವೆ. ವಾಸ್ತವ್ಯ ಕಾನೂನಿನ 81ನೆಯ ಕಲಮಿನ 4ನೆಯ ಉಪಕಲಮನ್ನು ಹೇಳುವ ಮೂರನೆಯ ಚೌಕಕ್ಕೆ ಗುರುತು ಹಾಕಿದ್ದರೆ ದೇಶ ಬಿಟ್ಟು ಹೋಗಿ ಮರಳಿ ಬರಬಹುದು. ಕೇಳದೆ ಈ ಪತ್ರವನ್ನು ಕೊಡುತ್ತಾರೆಂದು ನಂಬಿ ಕೂರಬೇಡ. ನವೀಕರಣದ ಅರ್ಜಿಯ ಜೊತೆಯಲ್ಲೇ ಲಿಖಿತವಾಗಿ ಕೇಳು, ಉತ್ತರ ಬಾರದಿದ್ದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯವರಿಂದ ಬರೆಯಿಸು, ಕೈಗೆ ಬಂದೊಡನೆ ಯಾವ ಚೌಕಕ್ಕೆ ಗುರುತಿದೆಯೆಂದು ನೋಡು. ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಪರ್ಮಿಟ್ ಸಾಮಾನ್ಯವಾಗಿ ರದ್ದಾಗುತ್ತದೆ ಎಂಬುದೂ ನೆನಪಿರಲಿ.

ಒಂದು ವಿಮಾನ ಟಿಕೆಟ್ಟಿನ ಹಣವನ್ನು ಬೇರೆ ಖಾತೆಯಲ್ಲಿಟ್ಟು ಬಾಡಿಗೆಗೂ ಅದನ್ನು ಮುಟ್ಟಬೇಡ. ವಿಮಾನ ಇಳಿದ ಮೇಲೂ ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿ.ಮೀ. ದಾರಿಯಿದೆ. ದೂರದಲ್ಲಿರುವ ಮಕ್ಕಳಿಗೆ ಕೆಟ್ಟ ಸುದ್ದಿಯನ್ನು ಮುಚ್ಚಿಡುವುದು ನಮ್ಮ ಮನೆಗಳ ವಾಡಿಕೆ. ಆದ್ದರಿಂದ ಊರಲ್ಲಿಯೇ ಇರುವವರಲ್ಲಿ ಒಬ್ಬರನ್ನು, ಅಣ್ಣನೋ ಸೋದರಮಾವನೋ, ಈಗಲೇ ಕೂರಿಸಿಕೊಂಡು, ಆಸ್ಪತ್ರೆಗೆ ಸೇರಿಸಿದ ದಿನವೇ ಇದ್ದದ್ದನ್ನು ಇದ್ದ ಹಾಗೆ ತಿಳಿಸುತ್ತೇನೆಂಬ ಮಾತು ತೆಗೆದುಕೊಂಡು ಬಾ.